ಪದದ ಬಾಲ

ಶಾಲೆಯ ಮೇಲಂತಸ್ತಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗಲೂ ಅವಳ ಬಲಗೈ ಕೆಲಸದ ಕೋಟಿನ ಜೇಬಿನಿಂದ ಹೊರಗೆ ಬರಲಿಲ್ಲ. ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿಯಿತ್ತು. ಆರು ದಿನದಿಂದ ಇತ್ತು. ಹರಿದು ನೀರಿಗೆ ಬಿಡಬಹುದಿತ್ತು, ಒಲೆಗೆ ಹಾಕಬಹುದಿತ್ತು. ಎರಡು ಸಲ ಹಾಗೆ ಮಾಡಲು ಹೋಗಿ ಎರಡು ಸಲವೂ ಮತ್ತೆ ಮಡಚಿ ಇಟ್ಟುಕೊಂಡಿದ್ದಳು. ಬೆಂಚು ಮಕ್ಕಳ ಅಳತೆಯದು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಕಾಲು ಆಡಿಸುತ್ತಾ, ಗೋಡೆಯ ಮೇಲೆ ತೂಗುಹಾಕಿದ್ದ ದೊಡ್ಡ ಅಕ್ಷರದ ಪಟಗಳನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದಳು. ತಾನೂ ಅದನ್ನೇ ಮಾಡುತ್ತಿದ್ದೇನೆಂದು ತಾಯಿಗೆ ಹೊಳೆಯಿತು. ಬಾಗಿಲ ಮೇಲೆ ಒಂದು ಫಲಕವಿತ್ತು. ಅದನ್ನು ಓದುವ ಗೋಜಿಗೆ ಹೋಗದೆ, ಕಸ ಗುಡಿಸುತ್ತಿದ್ದವಳನ್ನು "ಕನ್ನಡಕ ಮರೆತು ಬಂದೆ ನೋಡಿ, ಇದೇನಾ ಆ ಟೀಚರ್ ರೂಮು?" ಎಂದು ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಈ ಮಾತು ಅವಳ ನಾಲಗೆಯ ಮೇಲೆ ಉಸಿರಿನಷ್ಟು ಸಲೀಸು. ಅವಳ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಮರೆಯುವುದಕ್ಕೆ ಒಂದು ಕನ್ನಡಕ ಬೇಕೆಂದು, ಮದುವೆಯಾದ ಹೊಸತರಲ್ಲಿ, ಬರೀ ಗಾಜಿನ ಕನ್ನಡಕ ಕೊಂಡುಕೊಂಡಿದ್ದಳು. ಗಂಡ ಇವತ್ತಿಗೂ, ಪಾಪ ಕಣ್ಣು ನೋವು ಎಂದು, ಮನೆಗೆ ಬಂದ ಕಾಗದಗಳನ್ನೆಲ್ಲ ತಾನೇ ಓದಿ ಹೇಳುತ್ತಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಬರಬೇಕೆಂದು ಮ್ಯಾನೇಜರ್ ಹೇಳಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲು ಪಾಳಿಯ ಮೇಲ್ವಿಚಾರಣೆ ಅವಳದು. ಎರಡು ಗಂಟೆಗೆ ಏನಾಗುತ್ತದೆಂಬುದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿರಲಿಲ್ಲ. ಎದುರಿನ ಗಡಿಯಾರ ನೋಡಿದಳು. ಚಿಕ್ಕ ಮುಳ್ಳು ಹತ್ತಕ್ಕೆ ಹತ್ತಿರವೋ ಹನ್ನೊಂದಕ್ಕೋ. ಗಡಿಯಾರವೂ ಅವಳಿಗೆ ಒಂದು ಕ್ಷಣ ತಡಮಾಡಿಯೇ ಉತ್ತರ ಕೊಡುತ್ತಿತ್ತು.

"ಒಳಗೆ ಬನ್ನಿ," ಎಂದರು ಟೀಚರ್. ನರೆತ ಕೂದಲಿನ, ಮೆತ್ತನೆಯ ದನಿಯ ಹೆಂಗಸು. ಅವರ ಮೇಜಿನ ಮೇಲೆ ಮಗಳ ನೋಟುಬುಕ್ಕು ತೆರೆದೇ ಇತ್ತು. ಅದನ್ನು ಕಂಡೊಡನೆ ಅವಳಿಗೆ ಬಾಗಿಲ ಕಡೆ ಹೋಗಬೇಕೆನಿಸಿತು. ಹಿಂದೆ, ಅವಳು ಹುಡುಗಿಯಾಗಿದ್ದಾಗ, ಒಂದು ಕೋಣೆಯಲ್ಲಿ ಹೀಗೇ ಪುಸ್ತಕ ತೆರೆದಿತ್ತು. ನಿಂತುಕೊಂಡು ಓದು ಎಂದಿದ್ದರು ಮೇಷ್ಟ್ರು. ರಾಜನು ಮಂತ್ರಿಯನ್ನು ಕರೆದನು ಎಂದಿದ್ದುದನ್ನು ಅವಳು ರಾಜನು ಮಂತ್ರಿಯನ್ನು ಕರಿದನು ಎಂದು ಓದಿದ್ದಳು. ಎಣ್ಣೆಯಲ್ಲೋ ತುಪ್ಪದಲ್ಲೋ ಎಂದು ಕೇಳಿದ್ದರು ಮೇಷ್ಟ್ರು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಶಾಲೆ ಬಿಡುವ ತನಕ ಅವಳ ಹೆಸರು 'ಕರಿದನು' ಎಂದೇ ಆಯಿತು. ದಾರಿಯಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ ಸುಂಯ್ ಎಂದು ಬಾಣಲೆಯ ಸದ್ದು ಮಾಡಿದರೆ ಸಾಕಿತ್ತು, ಕಾಲು ತಾನಾಗಿ ಓಡುತ್ತಿತ್ತು. ಏಳನೆಯ ತರಗತಿ ಮುಗಿದ ಮೇಲೆ ಅವಳು ಮತ್ತೆ ಪುಸ್ತಕ ಮುಟ್ಟಲಿಲ್ಲ.

"ಇದನ್ನ ಅಮ್ಮನಿಗೆ ಓದಿ ತೋರಿಸು ಪುಟ್ಟಿ," ಎಂದರು ಟೀಚರ್. ಮಗಳು ಬೆರಳಿಟ್ಟು ಓದಿದಳು. ಆನೆ, ಎಂದಳು. ನದಿ, ಎಂದಳು. ನಿಂತು ತಾಯಿಯ ಮುಖ ನೋಡಿ, ಒಂದೇ ಉಸಿರಿಗೆ "ಆನೆ ನದಿ ದಾಟಲಿದೆ" ಎಂದು ಮುಗಿಸಿ ನಕ್ಕಳು. ಸರಿಯಾಗಿಯೇ ಇದೆಯಲ್ಲ ಎಂದುಕೊಂಡಳು ತಾಯಿ. ಟೀಚರ್ ಮೆಲ್ಲಗೆ, "ದಾಟಲಿಲ್ಲ ಅಂತಿದೆ," ಎಂದರು. "ಇವಳು ಪದದ ತಲೆ ನೋಡ್ತಾಳೆ, ಬಾಲ ಊಹೆ ಮಾಡ್ತಾಳೆ. ನಮ್ಮ ಮಾತಿನಲ್ಲಿ ಹೌದು ಅನ್ನೋದು, ಇಲ್ಲ ಅನ್ನೋದು, ಎರಡೂ ಬಾಲದಲ್ಲೇ ತಾನೇ ಇರೋದು."

ಜೇಬಿನೊಳಗಿನ ಬೆರಳುಗಳು ಚೀಟಿಯ ಮೇಲೆ ಬಿಗಿಯಾದವು. ಇವರಿಗೆ ಗೊತ್ತಿದೆ ಎನಿಸಿತು. ಗೊತ್ತಿರುವುದು ಸಾಧ್ಯವೇ ಇರಲಿಲ್ಲ. ಟೀಚರ್ ಪುಟ ತಿರುಗಿಸಿದರು. ಅದೊಂದು ಭಾನುವಾರದ ಪುಟ. ಅವಳಿಗೆ ಚೆನ್ನಾಗಿ ನೆನಪಿತ್ತು. ಮಗಳ ಕಿವಿ ಹಿಂಡಿ, ಕತ್ತೆ, ಸೋಮಾರಿ ಕತ್ತೆ ಎಂದು ಬೈದು, 'ಪುಸ್ತಕ' ಎಂಬ ಪದವನ್ನು ನೂರು ಸಲ ಬರೆಸಿದ್ದಳು. ತಾನೇ ಎದುರಿಗೆ ಕೂತು ಸಾಲು ಎಣಿಸಿದ್ದಳು. ನೂರಾದ ಮೇಲೆ ಕೆಳಗೆ ಸಹಿ ಹಾಕಿದ್ದಳು. ಸಹಿಯೊಂದನ್ನು ಅವಳು ಕನ್ನಡಿ ಮುಂದೆ ಕುಣಿತ ಕಲಿತವರ ಹಾಗೆ ಕಲಿತಿದ್ದಳು, ಅದರಲ್ಲಿ ಅಕ್ಷರವಿರಲಿಲ್ಲ, ಕೈಯ ತಿರುವು ಮಾತ್ರ ಇತ್ತು. "ನೂರು ಸಲವೂ 'ಪುತ್ಸಕ' ಅಂತ ಬರೆದಿದಾಳೆ," ಎಂದರು ಟೀಚರ್. "ಇದು ನೀವು ನೋಡಿದ್ರಾ?"

"ನೋಡಿದೆ. ಕೆಲಸದ ಅವಸರ. ಕನ್ನಡಕ ಬೇರೆ ಇರಲಿಲ್ಲ."

ಟೀಚರ್ ಅವಳ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದರು. ಆಮೇಲೆ ಮಾತು ಶುರುಮಾಡಿದರು. ಅವಳು ಕೇಳಿಸಿಕೊಂಡಳು, ಆದರೆ ನೀರಿನೊಳಗೆ ಮುಳುಗಿ ದಡದ ಮಾತು ಕೇಳಿದಂತೆ. ಇದು ದಡ್ಡತನ ಅಲ್ಲ, ಸೋಮಾರಿತನಾನೂ ಅಲ್ಲ, ಎನ್ನುತ್ತಿದ್ದರು. ಕಣ್ಣಿನ ತೊಂದರೆ ಅಂತೂ ಅಲ್ಲವೇ ಅಲ್ಲ. ಅಕ್ಷರ ಕಂಡ ಕೂಡಲೇ ಒಳಗೆ ಶಬ್ದ ಏಳಬೇಕಲ್ಲ, ಅದು ಇವಳಿಗೆ ತಡ. ಬಾಯಲ್ಲಿ ಕಥೆ ಹೇಳಿದರೆ ಒಂದಕ್ಷರ ಬಿಡದೆ ವಾಪಸು ಹೇಳ್ತಾಳೆ. ಬೋರ್ಡಿನಿಂದ ಬರೆದುಕೊಳ್ಳೋದು, ಎಡ ಬಲ, ಗಡಿಯಾರ, ಮೂರು ಕೆಲಸ ಹೇಳಿದರೆ ಮಧ್ಯದ್ದು ಮರೆಯೋದು, ಎಲ್ಲ ಅದೇ. ಓದಿಗಷ್ಟೇ ಅಂಟಿಕೊಂಡಿದ್ದಲ್ಲ, ಇಡೀ ದಿನಕ್ಕೆ ಅಂಟಿಕೊಂಡಿದ್ದು.

"ಮನೆಗೆ ಬಂದಮೇಲೆ ಸಿಟ್ಟು ಮಾಡ್ತಾಳಾ?" ಎಂದು ಕೇಳಿದರು.

"ಮಾಡ್ತಾಳೆ. ಚೀಲ ಎಸೀತಾಳೆ."

"ದಿನವಿಡೀ ಹೆದರಿಕೊಂಡಿರೋದು ಬಹಳ ಸುಸ್ತಿನ ಕೆಲಸ," ಎಂದರು ಟೀಚರ್.

ಆ ಮಾತು ಮಾತ್ರ ನೀರನ್ನು ಸೀಳಿಕೊಂಡು ನೇರವಾಗಿ ಬಂತು. ತನಗೆ ಯಾರೂ ಈವರೆಗೆ ಇದನ್ನು ಹೇಳಿರಲಿಲ್ಲ. ಬಸ್ಸಿನ ಬೋರ್ಡು, ಔಷಧಿಯ ಬಾಟಲಿ, ಅಂಗಡಿಯ ಚೀಟಿ, ಮದುವೆಯ ಕಾಗದ. ಬೆಳಗಾದರೆ ಎಲ್ಲಿಂದ ಯಾವ ಕಾಗದ ಮೇಲೆ ಬಿದ್ದೀತೋ ಎಂದು ಮೈಯೆಲ್ಲ ಕಿವಿಯಾಗಿ ಓಡಾಡಿ, ರಾತ್ರಿ ಹಾಸಿಗೆಗೆ ಬಿದ್ದಾಗ ಕೈಕಾಲು ಯಾಕಿಷ್ಟು ಸೋಲುತ್ತವೆ ಎಂದು ತಿಳಿಯದೆ, ವಯಸ್ಸಾಯಿತು ಎಂದುಕೊಳ್ಳುತ್ತಿದ್ದಳು.

"ಗುಣ ಆಗತ್ತಾ?"

"ಪೂರ್ತಿ ಹೋಗಿಬಿಡಲ್ಲ. ಆದರೆ ದಾರಿ ಇದೆ, ಕಲಿಸ್ತೀನಿ. ಮುಚ್ಚಿಡಬಾರದು, ಅಷ್ಟೇ. ಮುಚ್ಚಿಡೋ ಮಕ್ಕಳು ಊಹೆಯಲ್ಲಿ ಪಳಗಿಬಿಡ್ತಾರೆ. ಹತ್ತರಲ್ಲಿ ಒಂಬತ್ತು ಸಲ ಊಹೆ ಸರಿಯಾಗೇ ಇರತ್ತೆ, ಯಾರಿಗೂ ಗೊತ್ತಾಗಲ್ಲ." ಟೀಚರ್ ಪೆನ್ನು ತೆಗೆದುಕೊಂಡರು. "ಇದು ಎಷ್ಟೋ ಸಲ ಮನೆತನದಲ್ಲೇ ಇರತ್ತೆ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗೆ?"

"ಇಲ್ಲ," ಎಂದಳು ಅವಳು. ಸಾಲದೆಂಬಂತೆ, "ನಮ್ಮ ಮನೇಲಿ ಯಾರಿಗೂ ಇಲ್ಲ," ಎಂದಳು.

ಮಗಳ ಕಾಲು ಆಡುವುದು ನಿಂತಿತು. ಹುಡುಗಿ ತಲೆ ತಗ್ಗಿಸಿ ತನ್ನ ಉಗುರು ನೋಡತೊಡಗಿದಳು. ಇಡೀ ಮನೆಯಲ್ಲಿ, ಇಡೀ ವಂಶದಲ್ಲಿ, ತಾನೊಬ್ಬಳೇ ಎಂದು ಆ ಒಂಬತ್ತು ವರ್ಷದ ತಲೆ ಆಗ ಲೆಕ್ಕ ಹಾಕಿದ್ದನ್ನು ತಾಯಿ ಕಣ್ಣಾರೆ ಕಂಡಳು. ಕಂಡೂ, ಕೆಲಸಕ್ಕೆ ಹೊತ್ತಾಯಿತೆಂದು ಎದ್ದುಬಿಟ್ಟಳು.

ಮಗಳನ್ನು ತರಗತಿಗೆ ಕಳಿಸಿ ಆಸ್ಪತ್ರೆಗೆ ನಡೆದೇ ಹೋದಳು. ಬಸ್ಸು ಹತ್ತಿದರೆ ಬೇಗ ತಲುಪಿಬಿಡುತ್ತಿದ್ದಳು. ನೆಲಮಾಳಿಗೆಯ ಬಾಗಿಲು ತಳ್ಳಿದೊಡನೆ ಹಬೆ ಮುಖಕ್ಕೆ ಬಡಿಯಿತು, ಸೋಪಿನ ಪುಡಿಯ ಘಾಟು, ಆರರಲ್ಲಿ ಐದು ಯಂತ್ರಗಳ ಗುಡುಗು. ಮೂರನೆಯದು ಮಾತ್ರ ನಿಂತಿತ್ತು. ಅದರ ಕಡೆ ನೋಡದೆ ಹೋಗಬೇಕೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಯಿತು. ಹನ್ನೊಂದು ವರ್ಷ ಈ ನೆಲಮಾಳಿಗೆಯಲ್ಲಿ ಅವಳು ಹೆದರದೆ ಉಸಿರಾಡಿದ್ದಳು. ಇಲ್ಲಿ ಅಕ್ಷರ ಕಡಿಮೆ. ಯಾವ ಹಾಸುಬಟ್ಟೆ ಯಾವ ವಾರ್ಡಿನದು ಎಂಬುದನ್ನು ಅಂಚಿನ ದಾರದ ಬಣ್ಣದಿಂದಲೇ, ಕೆಲವೊಮ್ಮೆ ಕಲೆಯ ಆಕಾರದಿಂದಲೇ ಹೇಳುತ್ತಿದ್ದಳು. ಒಂದು ಹಾಸುಬಟ್ಟೆ ತಪ್ಪಿ ಬೇರೆ ವಾರ್ಡಿಗೆ ಹೋದದ್ದಿಲ್ಲ. ಅದಕ್ಕೇ ಮೇಲ್ವಿಚಾರಣೆ ಕೊಟ್ಟಿದ್ದು. ಅದರ ಜೊತೆಗೆ ರಿಜಿಸ್ಟರೂ ಬಂತು. ಆವತ್ತು ಅವಳು ಹೆದರಿ ಬಿಳಿಚಿಕೊಂಡಿದ್ದಾಗ, ಪಕ್ಕದಲ್ಲಿ ಸೋಪು ಅಳೆಯುತ್ತಿದ್ದ ದೊಡ್ಡಕ್ಕನ ಕಡೆ ತಿರುಗಿ, "ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಕಣೇ, ನೀನೇ ಬರಿ, ನಾನು ಹೇಳ್ತೀನಿ," ಎಂದಿದ್ದಳು. ದೊಡ್ಡಕ್ಕ ಉಬ್ಬಿಹೋಗಿದ್ದಳು. ನಾಲ್ಕು ಅಡಿ ಹತ್ತು ಅಂಗುಲದ ಹೆಂಗಸಿಗೆ ದೊಡ್ಡಕ್ಕ ಎಂದು ಯಾರು ಹೆಸರಿಟ್ಟರೋ. ಕೇಳಿದರೆ, "ಎತ್ತರಕ್ಕಲ್ಲ, ಬಾಯಿಗೆ," ಎನ್ನುತ್ತಿದ್ದಳು. ಅಂದಿನಿಂದ ರಿಜಿಸ್ಟರು ಬರೆದವಳು ಅವಳೇ. ಯಂತ್ರದ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸುತ್ತಿದ್ದವಳೂ ಅವಳೇ. ಬಟ್ಟೆ ತುಂಬಿದೆ, ಚಾಲೂ ಮಾಡಬಹುದು. ದಿನಕ್ಕೆ ಹತ್ತು ಸಲ ಅದೇ ಚೀಟಿ. ಅದನ್ನು ಓದುವ ಅಗತ್ಯವಿರಲಿಲ್ಲ, ಗುರುತಿನವರ ಮುಖದಂತೆ ಕಂಡರೆ ಸಾಕಿತ್ತು.

ಆರು ದಿನದ ಹಿಂದೆ, ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಹಾಸುಬಟ್ಟೆ ಬೇಕೆಂದು ಮೂರು ಸಲ ಫೋನು ಬಂದಿತ್ತು. ಅವಳು ಅವಸರದಲ್ಲಿ ಬಂದಳು. ಚೀಟಿ ಇತ್ತು. ಚಾಲೂ ಮಾಡಬ, ಎಂದಿತು ಕಣ್ಣು. ಉಳಿದದ್ದನ್ನು ಮನಸ್ಸು ತುಂಬಿಕೊಂಡಿತು. ಬೆರಳು ಗುಂಡಿ ಒತ್ತಿತು. ಡ್ರಮ್ಮು ಒಂದು ಸುತ್ತು ಪೂರ್ತಿ ತಿರುಗಿರಲಿಲ್ಲ. ಆ ಗದ್ದಲದೊಳಗೂ, ಯಂತ್ರದ ಹಿಂದುಗಡೆಯಿಂದ ಬಂದ ಆ ಕೂಗು ಬೇರೆಯಾಗಿ ಕೇಳಿಸಿತು. ಹಿಂದಿನ ಮುಚ್ಚಳ ತೆಗೆದು, ಬೆಲ್ಟಿನ ಸಂದಿಗೆ ಸಿಕ್ಕಿಕೊಂಡ ದಿಂಬಿನ ಚೀಲ ಎಳೆಯುತ್ತಿದ್ದಳು ದೊಡ್ಡಕ್ಕ. ಬಲಗೈಯ ಎರಡು ಬೆರಳು ಮುರಿದಿದ್ದವು. ಉಂಗುರದ ಬೆರಳಿನ ತುದಿ ಹೋಗಿತ್ತು. ಎಲ್ಲರೂ ಅವಳ ಸುತ್ತ ಓಡುತ್ತಿದ್ದಾಗ ಇವಳು ಸ್ವಿಚ್ಚಿನ ಮೇಲಿನ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡಳು. ಮೊದಲು ಗೆಳತಿಯ ಹತ್ತಿರ ಹೋಗಲಿಲ್ಲ, ಮೊದಲು ಚೀಟಿ. ಆಮೇಲೆ ಶೌಚಾಲಯದ ಬಾಗಿಲು ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು. ಕೈ. ಒಳಗಿದೆ. ಚಾಲೂ. ಮಾಡಬೇ. ಡಿ. ಕೊನೆಯ ಆ ಒಂದಕ್ಷರದ ಮೇಲೆ ಬೆರಳು ಎಷ್ಟೋ ಹೊತ್ತು ಇತ್ತು.

ಚೀಟಿ ಅಂಟಿಸದೆ ಯಂತ್ರ ಬಿಚ್ಚಿದ್ದಕ್ಕೆ ತಪ್ಪು ದೊಡ್ಡಕ್ಕನದೇ ಎಂದು ಮಾರನೆಯ ದಿನ ಮಾತಾಯಿತು. ಅಂಟಿಸಿದ್ದೆ ಎಂದಳು ಅವಳು. ಎಲ್ಲಿದೆ ಎಂದರು. ಹಬೆಗೆ ಗೋಂದು ಬಿಟ್ಟುಕೊಂಡು ಬಿದ್ದಿರಬೇಕು ಎಂದಳು. ಗುಡಿಸಿದರೂ ಸಿಗಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ದೊಡ್ಡಕ್ಕ ಮೊದಲೇ ಬಂದು ಕೂತಿದ್ದಳು. ಬಲಗೈ ಮೊಣಕೈತನಕ ಬಿಳಿ ಬಟ್ಟೆ ಸುತ್ತಿಕೊಂಡು ಕೊರಳಿಗೆ ತೂಗಿಬಿದ್ದಿತ್ತು. ಇವಳನ್ನು ನೋಡಿ ಸ್ವಲ್ಪ ನಕ್ಕಳು. ಮ್ಯಾನೇಜರ್ ಬೆರಳಚ್ಚು ಮಾಡಿದ ಒಂದು ಹಾಳೆ ಮುಂದೆ ತಳ್ಳಿದರು. ಸೂಚನೆ ಹಾಕದೆ ಮುಚ್ಚಳ ತೆಗೆದಿರುವುದರಿಂದ ಕೆಲಸದಿಂದ ತೆಗೆಯಲು ಶಿಫಾರಸು, ಪಾಳಿಯ ಮೇಲ್ವಿಚಾರಕಿಯ ಸಹಿ ಬೇಕು, ಎಂದರು.

"ಸಾರ್, ನಾನು ಚೀಟಿ ಅಂಟಿಸಿದ್ದೆ," ಎಂದಳು ದೊಡ್ಡಕ್ಕ. "ನೀವು ಇವಳನ್ನೇ ಕೇಳಿ. ಚೀಟಿ ಕಂಡಿದ್ದರೆ ಇವಳು ಚಾಲೂ ಮಾಡ್ತಿದ್ಲಾ? ಇವಳಷ್ಟು ಹುಷಾರು ಇಲ್ಲಿ ಯಾರಿದ್ದಾರೆ? ಬಿದ್ದೇ ಹೋಗಿತ್ತು ಚೀಟಿ. ಅದು ನನ್ನ ಹಣೆಬರಹ, ಇವಳದೇನೂ ತಪ್ಪಿಲ್ಲ."

"ಜೋರಾಗಿ ಓದಿ ಸಹಿ ಹಾಕಿ," ಎಂದರು ಮ್ಯಾನೇಜರ್ ಇವಳಿಗೆ. "ಇಬ್ಬರೂ ಕೇಳಿಸಿಕೊಂಡ ಹಾಗಾಗತ್ತೆ."

ಬಾಯಿ ತಾನಾಗಿ ತೆರೆದುಕೊಂಡಿತು. "ಕನ್ನಡಕ ಮರೆತು ಬಂದೆ ಸಾರ್."

"ಅಯ್ಯೋ, ಕೆಳಗೆ ನಿನ್ನ ಬೀರುವಿನಲ್ಲೇ ಇತ್ತು ಕಣೇ, ಬೇಕಾಗತ್ತೆ ಅಂತ ತಂದೆ," ಎಂದು ದೊಡ್ಡಕ್ಕ ಎಡಗೈಯಿಂದ ಚೀಲ ತಡಕಾಡಿ, ಹಲ್ಲಿನಲ್ಲಿ ಜಿಪ್ಪು ಎಳೆದು, ಕನ್ನಡಕ ಕೊಟ್ಟಳು. ಅದನ್ನು ಹಾಕಿಕೊಳ್ಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಹಾಕಿಕೊಂಡಳು. ಹಾಳೆಯ ಮೇಲೆ ಅಕ್ಷರಗಳು ಇರುವೆಯ ಸಾಲಿನಂತೆ ಒತ್ತೊತ್ತಾಗಿ ನಿಂತಿದ್ದವು; ಒಂದರ ಹೊಟ್ಟೆಗೆ ಇನ್ನೊಂದು ಜೋತುಬಿದ್ದಿತ್ತು. ಆಸ್ಪತ್ರೆಯ, ಎಂದಳು. ಅಷ್ಟು ಗುರುತಿತ್ತು. ಮುಂದಿನ ಪದಕ್ಕೆ ತಲೆಯೂ ಸಿಗಲಿಲ್ಲ. ಬಟ್ಟೆ, ಎಂದಳು. ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಅಲ್ಲಿ ಬಟ್ಟೆಯಿರಲಿಲ್ಲವೋ ಏನೋ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತು. ಈಗ ಯಾರಾದರೂ ನಗುತ್ತಾರೆ, ಸುಂಯ್ ಎನ್ನುತ್ತಾರೆ ಎಂದು ಕಾದಳು. ಯಾರೂ ನಗಲಿಲ್ಲ. "ಇವಳಿಗೆ ನೀರು ಕೊಡಿ ಸಾರ್," ಎಂದಳು ದೊಡ್ಡಕ್ಕ, "ಆವತ್ತಿನಿಂದ ನನಗಿಂತ ಇವಳೇ ಜಾಸ್ತಿ ಹೆದರಿದಾಳೆ."

ಸಹಿಯ ಜಾಗ ಕೆಳಗೆ ಖಾಲಿ ಇತ್ತು. ಅದೊಂದನ್ನು ಅವಳು ಚೆನ್ನಾಗಿ ಮಾಡಬಲ್ಲಳು. ಕೈಯ ಒಂದು ತಿರುವು ಸಾಕಿತ್ತು. ಸಂಜೆ ಮನೆಗೆ ಹೋಗಬಹುದಿತ್ತು, ನಾಳೆ ಮತ್ತೆ ಬರಬಹುದಿತ್ತು, ಮಗಳು ಉಗುರು ನೋಡಿಕೊಂಡು ದೊಡ್ಡವಳಾಗಬಹುದಿತ್ತು. ಕೈ ಪೆನ್ನಿನ ಕಡೆಗೆ ಹೋದದ್ದೂ ನಿಜ. ಆಮೇಲೆ ಆ ಕೈ ಜೇಬಿಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟಿತು. ಧೈರ್ಯ ಬಂದಿತ್ತೆಂದು ಅವಳಿಗೆ ಮುಂದೆಂದೂ ಅನಿಸಲಿಲ್ಲ. ಹೆದರಿ ಹೆದರಿ ಸುಸ್ತಾಗಿತ್ತು, ಅಷ್ಟೇ.

"ಚೀಟಿ ಬಿದ್ದಿರಲಿಲ್ಲ ಸಾರ್," ಎಂದಳು. "ನಾನು ನೋಡಿದೆ. ಮಾಡಬಹುದು ಅಂತ ಓದಿಕೊಂಡೆ. ಆಮೇಲೆ ಕಿತ್ತು ಇಟ್ಟುಕೊಂಡೆ. ನನಗೆ ಓದೋಕೆ ಬರಲ್ಲ. ಒಂದೊಂದಕ್ಷರ ಕೂಡಿಸಿದರೆ ಬರತ್ತೆ, ಹಾಗೆ ನೋಡಿದರೆ ಬರಲ್ಲ."

"ನಾಟಕ ಆಡಬೇಡಿ," ಎಂದರು ಮ್ಯಾನೇಜರ್. "ಮೇಲ್ವಿಚಾರಣೆ ಬಂದಾಗಿನಿಂದ ರಿಜಿಸ್ಟರ್ ಬರೀತಿದೀರಿ."

ದೊಡ್ಡಕ್ಕ ಚೀಟಿಯನ್ನೇ ನೋಡುತ್ತಿದ್ದಳು, ತನ್ನ ಮುತ್ತಿನಂಥ ಅಕ್ಷರವನ್ನು.

"ಬರೆದಿದ್ದು ನಾನು," ಎಂದಳು ಕೊನೆಗೆ, ಯಾರಿಗೂ ಅಲ್ಲವೆಂಬಂತೆ.

ಮ್ಯಾನೇಜರ್ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡರು. ದೊಡ್ಡಕ್ಕನ ಮೇಲಿನ ಆರೋಪ ಕೈಬಿಟ್ಟಂತೆ ಎಂದರು. ಇವಳ ಮೇಲ್ವಿಚಾರಣೆ ಇವತ್ತಿಗೆ ಮುಗಿಯಿತು, ಯಂತ್ರದ ಹತ್ತಿರ ಸುಳಿಯಕೂಡದು, ಮಡಚುವ ಮೇಜಿನಲ್ಲಿ ನಿಲ್ಲಬೇಕು, ಕೆಲಸ ಉಳಿಯುತ್ತದೋ ಇಲ್ಲವೋ ಮೇಲಿನವರು ವಾರದಲ್ಲಿ ತಿಳಿಸುತ್ತಾರೆ ಎಂದರು. ಓದಲು ಬಾರದ್ದಕ್ಕಿಂತ ಚೀಟಿ ಬಚ್ಚಿಟ್ಟದ್ದು ದೊಡ್ಡದು ಎಂದೂ ಸೇರಿಸಿದರು. ಅವಳು ತಲೆಯಾಡಿಸಿದಳು. ಅದು ನಿಜವಾಗಿತ್ತು.

ಹೊರಗೆ ಓಣಿಯಲ್ಲಿ ದೊಡ್ಡಕ್ಕ ಮುಂದೆ, ಇವಳು ನಾಲ್ಕು ಹೆಜ್ಜೆ ಹಿಂದೆ ನಡೆದರು. ಕೊಳಕು ಹಾಸುಬಟ್ಟೆಗಳ ಗಾಡಿಯೊಂದು ಎದುರಾಯಿತು. ಇಬ್ಬರೂ ಗೋಡೆಗೆ ಒತ್ತಿ ನಿಂತರು. ಗಾಡಿ ದಾಟಿತು. ದೊಡ್ಡಕ್ಕ ನಿಂತಲ್ಲೇ ನಿಂತಳು.

"ಅಕ್ಕಾ," ಎಂದಳು ಇವಳು.

"ಮಾತಾಡಬೇಡ."

ಗೋಡೆಯ ಸುಣ್ಣ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಹೊಡೆದುಬಿಡಲಿ ಎನಿಸಿತು; ಆ ಕೈಯಲ್ಲಿ ಹೊಡೆಯಲಾಗದಂತೆ ಮಾಡಿದವಳು ತಾನೇ ಎಂದು ನೆನಪಾಯಿತು.

"ಬೆರಳು ಹೋದರೆ ಹೋಗಲಿ," ಎಂದಳು ದೊಡ್ಡಕ್ಕ. ಅವಳ ದೊಡ್ಡ ಬಾಯಿಯಿಂದ ಇಷ್ಟು ಸಣ್ಣ ದನಿ ಇವಳು ಕೇಳಿರಲಿಲ್ಲ. "ಆರು ದಿನ ನನಗೇ ನನ್ನ ಮೇಲೆ ಅನುಮಾನ ಬರೋ ಹಾಗೆ ಮಾಡಿದೆಯಲ್ಲ. ಅಂಟಿಸಿದೆನೋ ಇಲ್ಲವೋ, ಅಂಟಿಸಿದೆನೋ ಇಲ್ಲವೋ ಅಂತ. ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದೀವಿ. ಒಂದು ಮಾತು ಹೇಳಿದ್ದರೆ ನಾನು ಯಾಕೆ ಚೀಟಿ ಅಂಟಿಸ್ತಿದ್ದೆ? ಕೂಗಿ ಹೇಳ್ತಿದ್ದೆ."

ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲ ಕಡೆ ತಿರುಗಿದಳು. ಅವಳ ಹಿಂದೆ ಹೋಗುವ ಹಕ್ಕು ತನಗಿಲ್ಲವೆಂದು ಇವಳು ಅಲ್ಲೇ ನಿಂತಳು.

ನಾಲ್ಕು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಮಕ್ಕಳು ಹೊಳೆಯಾಗಿ ಹರಿದು ಬಂದರು. ಮಗಳು ಕೊನೆಯವಳಾಗಿ, ಒಬ್ಬಳೇ, ಚೀಲ ಎಳೆದುಕೊಂಡು ಬಂದಳು. ತಾಯಿಯನ್ನು ಕಂಡರೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ತಾಯಿ ಮಂಡಿಯೂರಿ ಕೂತಳು. ಮ್ಯಾನೇಜರ್ ಮುಂದೆ ಒಣಗಿದ್ದಕ್ಕಿಂತ ಹೆಚ್ಚು ಈಗ ನಾಲಗೆ ಒಣಗಿತ್ತು.

"ಬೆಳಿಗ್ಗೆ ಟೀಚರ್ ಕೇಳಿದ್ರಲ್ಲ ಪುಟ್ಟಿ, ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಅಂತ."

"ಯಾರಿಗೂ ಇಲ್ಲ ಅಂದೆ ನೀನು."

"ನನಗಿದೆ. ನಿನ್ನ ಹಾಗೇ. ನಿನಗಿಂತ ಜಾಸ್ತಿ."

ಹುಡುಗಿ ತಾಯಿಯ ಮುಖವನ್ನು, ಅದೇನೋ ಕಷ್ಟದ ಪದವೆಂಬಂತೆ, ಬಹಳ ಹೊತ್ತು ನೋಡಿದಳು. "ಮತ್ತೆ ಯಾಕೆ ಸುಳ್ಳು ಹೇಳ್ದೆ?"

"ಹೆದರಿಕೆ ಆಯ್ತು."

"ಈಗ?"

"ಈಗಲೂ ಇದೆ."

ಮಗಳು ಯೋಚಿಸಿದಳು. "ಟೀಚರ್ ಇನ್ನೂ ಹೋಗಿಲ್ಲ, ಮೇಲೇ ಇದಾರೆ," ಎಂದು ಚೀಲವನ್ನು ತಾಯಿಯ ಕೈಗೆ ಕೊಟ್ಟು, ತಿರುಗಿ ಒಳಗೆ ಓಡಿ, ಎರಡೆರಡು ಮೆಟ್ಟಿಲು ಹಾರಿ ಹತ್ತತೊಡಗಿದಳು. ತಾಯಿ ಎದ್ದಳು. ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ಮಗಳ ಹಿಂದೆ ಹತ್ತಿದಳು.